ಇಪ್ಪತ್ತು ಗಂಟಿನ ದಾರ

ವಹಮ್‌ಗೆ ಲುಕ್ಮಾನನ ಬಳಿಯೂ ಮದ್ದಿಲ್ಲ ಎಂಬ ಗಾದೆ ಉರ್ದು ಮಾತಾಡುವ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಲ್ಲದ ರೋಗವನ್ನು ಇದೆಯೆಂದು ನಂಬಿ ಕೂತವರಿಗೆ ಹಿರಿಯರು ಹೇಳುವ ಮಾತಿದು. ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಯೆ (1857-1926) ಈ ಗಾದೆಯನ್ನು ಕೇಳಿರಲಾರ. ಆದರೂ ಆತನ ವಾದ ಇದಕ್ಕೆ ಕೊಟ್ಟ ಉತ್ತರದಂತಿದೆ: ವಹಮ್ ರೋಗ ತರಬಲ್ಲದಾದರೆ ಗುಣವನ್ನೂ ಅದರಿಂದಲೇ ತರಿಸಬಹುದು.

ಆತನ ಪುಟ್ಟ ಪುಸ್ತಕ 'ಸೆಲ್ಫ್ ಮಾಸ್ಟರಿ ಥ್ರೂ ಕಾನ್ಶಿಯಸ್ ಆಟೋಸಜೆಶನ್' ಇಂಗ್ಲಿಷಿನಲ್ಲಿ ಬಂದದ್ದು 1920ರ ದಶಕದ ಆರಂಭದಲ್ಲಿ. ಮನೆಯಲ್ಲೇ ಕೂತು ಸ್ವಯಂ ಸಮ್ಮೋಹನ ಮಾಡಿಕೊಳ್ಳಿ, ನಿದ್ದೆ ಬರುತ್ತದೆ, ಚಟ ಬಿಡುತ್ತದೆ ಎನ್ನುವ ಇಂದಿನ ಪುಸ್ತಕ, ಧ್ವನಿಮುದ್ರಿಕೆ, ಮೊಬೈಲ್ ಆಪ್‌ಗಳಿಗೆಲ್ಲ ಅದು ಮುತ್ತಜ್ಜನ ಹಾಗೆ. ಮರಿಮಕ್ಕಳನ್ನು ಅಳೆಯಬೇಕಾದರೆ ಮುತ್ತಜ್ಜನನ್ನೇ ಮಾತಾಡಿಸುವುದು ಮೇಲು.

ತ್ರುವಾ ಪಟ್ಟಣದ ಅಂಗಡಿಯಲ್ಲಿ ಮದ್ದು ಕೊಡುವಾಗ, ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತು ಸೇರಿಸಿದರೆ ಅದು ಹೆಚ್ಚು ಕೆಲಸ ಮಾಡುವುದನ್ನು ಕೂಯೆ ಗಮನಿಸಿದ. ನಾನ್ಸಿಯ ವೈದ್ಯ ಲಿಯೆಬೊ ಅವರಿಂದ ಸಮ್ಮೋಹನ ಕಲಿತ. ಮುಂದೆ ನಿದ್ದೆಗೆ ದೂಡುವ ಆ ಕ್ರಮವನ್ನೇ ಬಿಟ್ಟು, ಎಚ್ಚರದಲ್ಲೇ ತನಗೆ ತಾನೇ ಸೂಚನೆ ಕೊಟ್ಟುಕೊಳ್ಳುವ ದಾರಿ ಹಿಡಿದ. ಬೆಳಿಗ್ಗೆ ಏಳುವ ಮುನ್ನ, ರಾತ್ರಿ ಮಲಗಿದ ಮೇಲೆ, ಕಣ್ಣು ಮುಚ್ಚಿ ತುಟಿಯಲ್ಲಾಡಿಸುತ್ತ, ದಿನೇ ದಿನೇ ಎಲ್ಲ ಬಗೆಯಲ್ಲೂ ಸುಧಾರಿಸುತ್ತಿದ್ದೇನೆ ಎಂಬರ್ಥದ ಒಂದೇ ವಾಕ್ಯವನ್ನು 20 ಸಲ ಹೇಳಿಕೊಳ್ಳಬೇಕು. ಲೆಕ್ಕ ತಪ್ಪದಿರಲು 20 ಗಂಟು ಹಾಕಿದ ದಾರವೊಂದು ಕೈಯಲ್ಲಿರಬೇಕು. ಇಷ್ಟೇ ಪಾಠ. ಇದನ್ನು ಕಲಿಸಲು ಕೂಯೆ ಶುಲ್ಕ ಪಡೆಯುತ್ತಿರಲಿಲ್ಲ. ತಾನು ಯಾರನ್ನೂ ಗುಣಪಡಿಸುವವನಲ್ಲ, ಅವರೇ ಗುಣವಾಗುತ್ತಾರೆ ಎನ್ನುತ್ತಿದ್ದ. ಇಂದಿನ ದುಬಾರಿ ಶಿಬಿರಗಳ ಎದುರು ಈ ಎರಡು ಸಂಗತಿಗಳನ್ನು ಇಟ್ಟು ನೋಡಬೇಕು.

ಮನಸ್ಸಿದ್ದರೆ ಮಾರ್ಗ ಎಂದು ನಾವೆಲ್ಲ ಶಾಲೆಯಲ್ಲಿ ಕಾಪಿ ಬರೆದವರು. ಕೂಯೆಯ ಪುಸ್ತಕದ ಹೆಚ್ಚುಗಾರಿಕೆ ಇರುವುದು ಆ 'ಮನಸ್ಸ'ನ್ನು ಎರಡಾಗಿ ಸೀಳಿದ್ದರಲ್ಲಿ. ಸಂಕಲ್ಪ ಬೇರೆ, ಕಲ್ಪನೆ ಬೇರೆ. ಇವೆರಡೂ ಜಗಳಕ್ಕಿಳಿದರೆ ಗೆಲ್ಲುವುದು ಕಲ್ಪನೆ. ನೆಲದ ಮೇಲಿಟ್ಟ ಒಂದಡಿ ಅಗಲದ ಹಲಗೆಯ ಮೇಲೆ ಯಾರೂ ನಡೆದಾರು. ಅದೇ ಹಲಗೆಯನ್ನು ಗೋಪುರದೆತ್ತರಕ್ಕೆ ಏರಿಸಿದರೆ ಕಾಲು ನಡುಗುತ್ತದೆ. ಹಲಗೆ ಕಿರಿದಾಗಲಿಲ್ಲ, ಬೀಳುವ ಚಿತ್ರ ಕಣ್ಣಿಗೆ ಕಟ್ಟಿತು. ನಿದ್ದೆ ಮಾಡಲೇಬೇಕೆಂದು ಹಟ ಹಿಡಿದವರಿಗೆ ನಿದ್ದೆ ಬಾರದಿರುವುದೂ ಹೀಗೆಯೇ. ಕಥೆ ಬರೆಯುವ ನಮಗೆ ಈ ಮಾತು ಬೇಗ ಹಿಡಿಸುತ್ತದೆ. ಉಪದೇಶಕ್ಕೆ ಅಲ್ಲಾಡದ ಓದುಗರು ಒಂದು ಚಿತ್ರಕ್ಕೆ ಅಲ್ಲಾಡುವುದನ್ನು ನಾವು ಕಂಡಿದ್ದೇವೆ.

ಹಾಗಿರುವಾಗ ಕೂಯೆಯ ಆ ವಾಕ್ಯದಲ್ಲೇ ಒಂದೂ ಚಿತ್ರವಿಲ್ಲ ಎಂಬುದು ನಮ್ಮ ಮೊದಲ ತಕರಾರು. 'ಎಲ್ಲ ಬಗೆಯಲ್ಲೂ' ಎಂದ ಮೇಲೆ ಬೇರೆ ವಿವರ ಬೇಡ ಎನ್ನುವುದು ಆತನ ಸಮರ್ಥನೆ. ಆದರೆ ಒಳಗಿನ ಕಿವಿ ಅಷ್ಟು ದಡ್ಡನಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇರುವವರು ತಮ್ಮನ್ನೇ ಹೊಗಳುವ ವಾಕ್ಯ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಯಾರಿಗೆ ಆ ವಾಕ್ಯ ಹೆಚ್ಚು ಬೇಕಿತ್ತೋ ಅವರಿಗೇ ಅದು ಚುಚ್ಚಿತು. 'ನಾನು ಧೈರ್ಯಶಾಲಿ' ಎನ್ನುವುದಕ್ಕಿಂತ 'ಊಟವಾದ ಮೇಲೆ ಬೀಡಿಗೆ ಬದಲು ಸೋಂಪು ತೆಗೆದುಕೊಳ್ಳುತ್ತೇನೆ' ಎನ್ನುವುದು ಮೇಲು. ಅದನ್ನು ಕಣ್ಣಲ್ಲಿ ಕಾಣಬಹುದು, ಮಾಡಿ ನೋಡಬಹುದು.

ಕೂಯೆ ಬಿಟ್ಟ ಜಾಗವನ್ನು ಜರ್ಮನಿಯ ವೈದ್ಯ ಯೊಹಾನೆಸ್ ಶುಲ್ಟ್ಸ್ 1932ರಲ್ಲಿ ತುಂಬಿದ. ಆತನ ಕ್ರಮ ಹೊಗಳಿಕೆಯಿಂದ ಶುರುವಾಗುವುದಿಲ್ಲ, ಮೈಯಿಂದ ಶುರುವಾಗುತ್ತದೆ: ತೋಳು ಭಾರವಾಗಿದೆ, ಬೆಚ್ಚಗಿದೆ, ಉಸಿರು ಶಾಂತವಾಗಿದೆ. ಮೈ ಸಡಿಲಾದ ಮೇಲೆ ಸೂಚನೆ, ಕೊನೆಗೆ ಕೈ ಮಡಚಿ, ಉದ್ದಕ್ಕೆ ಉಸಿರೆಳೆದು, ಕಣ್ಣು ತೆರೆಯುವುದು. ಇಂದು ಮನೆಯಲ್ಲಿ ಮಾಡುವ ಸ್ವಯಂ ಸಮ್ಮೋಹನದಲ್ಲಿ ಈ ಇಬ್ಬರ ಪಾಲೂ ಇದೆ. ಉದ್ವೇಗ ಇಳಿಸಲು ಇದು ನೆರವಾಗುತ್ತದೆ. ಚಟದ ವಿಷಯದಲ್ಲಿ ಮಾತ್ರ ಜಾಹೀರಾತನ್ನು ನಂಬಬಾರದು. ಧೂಮಪಾನ ಬಿಡಿಸುವಲ್ಲಿ ಸಮ್ಮೋಹನ ಬೇರೆ ಉಪಾಯಗಳಿಗಿಂತ ಮೇಲೆನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಹೇಳಿದೆ. ಸಕ್ಕರೆ ಕಾಯಿಲೆಯ ಮಾತ್ರೆಗೆ ಇದು ಬದಲಿಯಲ್ಲ. ಇಲ್ಲದ ದನಿ ಕೇಳಿಸುವಂಥ ತೀವ್ರ ಮನೋರೋಗ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಎರಡನೆಯ ತಕರಾರು ಇನ್ನೂ ದೊಡ್ಡದು. ತಸ್ಬೀಹ್ ಎಣಿಸುವವರೂ ಜಪಮಾಲೆ ಎಣಿಸುವವರೂ ತಮಗಿಂತ ದೊಡ್ಡದೊಂದನ್ನು ನೆನೆಯುತ್ತಾರೆ. ಕೂಯೆಯ ದಾರದಲ್ಲಿ 20 ಗಂಟಿಗೂ 'ನಾನು' ಒಬ್ಬನೇ. ಗುಣವಾದರೆ ನನ್ನಿಂದ, ಆಗದಿದ್ದರೂ ನನ್ನಿಂದಲೇ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಟಾರ್ಗೆಟ್ ಮುಗಿಯಲಿಲ್ಲವೆಂದು ಬೈಸಿಕೊಂಡು, ಮನೆಗೆ ಬಂದು ಒಲೆ ಹಚ್ಚುವ ಹೆಣ್ಣುಮಗಳಿಗೆ ನಿದ್ದೆ ಬಾರದಿದ್ದರೆ, ನಿನ್ನ ಕಲ್ಪನೆ ಸರಿಯಿಲ್ಲ ಎನ್ನಬಹುದೇ? ಬಾಡಿಗೆ ಕಟ್ಟಲಾಗದವನ ಎದೆಬಡಿತ ವಹಮ್ ಅಲ್ಲ, ಲೆಕ್ಕ. ಈ ಬಗೆಯ ಪುಸ್ತಕಗಳಲ್ಲಿ ಕೂಲಿ, ಪಾಳಿ, ಸಾಲ ಎಂಬ ಪದಗಳು ಬರುವುದು ಅಪರೂಪ. ದಣಿವಿಗೆ ಕಾರಣರಾದವರು ಇದರಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ದಣಿದವರ ತಲೆಯ ಮೇಲೆ ಸೋತ ಅಪರಾಧವೂ ಕೂರುತ್ತದೆ.

ಇಷ್ಟಾದರೂ ಆ ಹೆಣ್ಣುಮಗಳಿಗೆ ಸಿಗುವ ಹದಿನೈದು ನಿಮಿಷವನ್ನು ನಾವು ಕಿತ್ತುಕೊಳ್ಳಬಾರದು. ಬಾಗಿಲು ಮುಂದೆ ಮಾಡಿ, ಯಾರ ಕೆಲಸವನ್ನೂ ಮಾಡದೆ, ತನ್ನ ಉಸಿರನ್ನು ತಾನೇ ಕೇಳುತ್ತ ಕೂರುವುದೂ ಅವಳ ಹಕ್ಕು. ಆ ಹೊತ್ತಿನಲ್ಲಿ ಹೇಳಿಕೊಳ್ಳುವ ವಾಕ್ಯ ಮಾತ್ರ ಕೂಯೆಯದಾಗಿರಬೇಕಿಲ್ಲ, ಆಪ್ ಮಾರುವವರದ್ದಾಗಿರಬೇಕಿಲ್ಲ. 'ನಾಳೆ ಮೇಲ್ವಿಚಾರಕ ಕೂಗಿದಾಗ ತಲೆ ತಗ್ಗಿಸುವುದಿಲ್ಲ' ಎಂದು ಅವಳು ಕಲ್ಪಿಸಿಕೊಂಡರೆ, ಅದೂ ಸ್ವಯಂ ಸೂಚನೆಯೇ.