ಪೂತನಿಯ ಹೆಣ ಎತ್ತಿದವರು ಯಾರು?

'ಅಮರ ಚಿತ್ರ ಕಥೆ'ಯ 'ಕೃಷ್ಣ'ನನ್ನು ನಾನು ಮೊದಲು ಓದಿದ್ದು ಹಾಸ್ಟೆಲಿನಲ್ಲಿ, ರಟ್ಟು ಕಿತ್ತುಹೋದ ಹಳೇ ಪ್ರತಿಯಲ್ಲಿ. ಬೆಣ್ಣೆ ಕದಿಯುವ ತುಂಟ ಹುಡುಗ. ಅವನ ಕೈಗೆ ಸಿಕ್ಕು ಸಾಯುವ ರಕ್ಕಸರು. ಬಕನ ಕೊಕ್ಕು ಸೀಳುವುದೂ ಆಟ, ಹೆಬ್ಬಾವಾಗಿ ಬಂದ ಅಘನನ್ನು ಮುಗಿಸುವುದೂ ಆಟ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ರಜೆಗೆ ಊರಿಗೆ ಹೋದಾಗ ಅದನ್ನು ಕೊಂಡೊಯ್ದಿದ್ದೆ. ಓದು ಬಾರದ ನಮ್ಮವ್ವ ಸತ್ತುಬಿದ್ದ ಪೂತನಿಯ ಕತೆ ಕೇಳಿ ಅಂದಳು: "ಅಲ್ಲ ಕಣ್ಲಾ, ಅಷ್ಟು ದೊಡ್ಡ ಹೆಣಾನ ಎತ್ತಿದ್ದು ಯಾರ್ಲಾ?"

ಸತ್ತ ದನ ಎತ್ತಿದ ಕೇರಿಯ ಪ್ರಶ್ನೆ ಅದು. ಎಂ.ಎ. ಮುಗಿಸಿ ಪಾಠ ಹೇಳಲು ನಿಂತ ಮೇಲೂ ಅದು ನನ್ನನ್ನು ಬಿಟ್ಟಿಲ್ಲ.

ಈ ಮಾಲೆ 1967ರಲ್ಲಿ ಶುರುವಾಯಿತು. ಸಂಪಾದಕ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕತೆಗಳು. ಹನ್ನೊಂದನೆಯದು ಪೈ ಬರೆದು, ರಾಮ್ ವಾಯಿರ್ಕರ್ ಚಿತ್ರಿಸಿದ 'ಕೃಷ್ಣ'. ಅಂದರೆ ಈ ದೇಶದ ಮಕ್ಕಳಿಗೆ 'ಇದು ನಿಮ್ಮ ಕತೆ' ಎಂದು ಈ ಮಾಲೆ ಮೊದಲು ಕೊಟ್ಟದ್ದು ಇದನ್ನೇ. ಯಾವ ಮಕ್ಕಳಿಗೆ?

ಕೃಷ್ಣ ಎಂದರೆ ಕಪ್ಪು. ಚಿತ್ರದಲ್ಲಿ ಅವನು ನೀಲಿ. ನಮ್ಮ ಮೈಬಣ್ಣ ದೇವರಿಗೆ ಒಗ್ಗಲಿಲ್ಲ. ಇನ್ನು ಪೂತನಿ: ವಿಷವೂಡಲು ಬರುವಾಗ ಚೆಲುವೆ, ಸತ್ತ ಮೇಲೆ ವಿಕಾರಿ. ಅದೇ ಅವಳ 'ನಿಜರೂಪ'ವಂತೆ. ಹಾಗಾದರೆ ಅವಳ ಮೈಯೇ ಅವಳ ಅಪರಾಧಕ್ಕೆ ಸಾಕ್ಷಿ. ಆ ಸಾಕ್ಷಿ ಸಿಗುವುದೂ ಕೊಂದ ಮೇಲೆ. ಅವಳು ಕೂಸು ಕೊಲ್ಲಲು ಬಂದವಳಲ್ಲವೇ ಎಂದು ಕೇಳಬಹುದು. ಬಂದವಳು ಹೌದು. ಕಳಿಸಿದವನು ಅರಮನೆಯ ಕಂಸ. ನಗುವಿಗೆ ಗುರಿಯಾಗುವವರು ಮಾತ್ರ ಕಳಿಸಲ್ಪಟ್ಟವರು.

ಭಾಗವತದ ದಶಮಸ್ಕಂಧಕ್ಕೆ ಇಲ್ಲಿ ಸ್ವಲ್ಪ ಅಳುಕಿದೆ. ವ್ರಜದವರು ಅವಳ ಹೆಣವನ್ನು ಕೊಡಲಿಯಿಂದ ಕಡಿದು, ದೂರ ಹಾಕಿ ಸುಡುತ್ತಾರೆ. ಹೊಗೆಯಲ್ಲಿ ಅಗರುವಿನ ಕಂಪು ಏಳುತ್ತದೆ. ಮೊಲೆಯುಣಿಸಿದ್ದಕ್ಕೆ ಅವಳಿಗೆ ತಾಯಿಯ ಗತಿ ದೊರೆಯುತ್ತದೆ. ಚಿತ್ರಕತೆ ಓದಿದ ನಮ್ಮಲ್ಲಿ ಈ ಕಂಪು ಉಳಿಯಲಿಲ್ಲ. ನಗು ಉಳಿಯಿತು.

ಬೇರೆ ದಾರಿ ಇಲ್ಲವೆಂದಲ್ಲ. 2011ರ 'ಭೀಮಾಯನ'ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಚಿತ್ರಿಸಿದರು. ಅಲ್ಲಿ ಮೃದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ರಕ್ಕಸತನ ಯಾರ ಮೈಮೇಲೂ ಇಲ್ಲ, ಆಡುವ ಮಾತಿನಲ್ಲಿದೆ. ಅದನ್ನು ಗೆಲ್ಲಲು ಮಾಯೆ ಸಾಲದು.

'ಕೃಷ್ಣ'ನನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಓದಲಿ, ನಗಲಿ, ಅವ್ವನ ಪ್ರಶ್ನೆಯೂ ಅವರ ಕಿವಿಗೆ ಬೀಳಲಿ. ಮೊನ್ನೆ ಅವಳಿಗೆ ಉತ್ತರ ಹೇಳಿದೆ: ಊರಿನವರೇ ಕಡಿದು ಸುಟ್ಟರಂತೆ ಅಂತ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಅಂದಳು: "ಊರೋರು ಅಂದ್ರೆ ಯಾರ್ಲಾ? ಕೊಡ್ಲಿ ಹಿಡ್ಕಂಡೋರು ಯಾವ ಕೇರಿಯೋರು?"

ನಮ್ಮ ವಿಮರ್ಶೆ ಇಲ್ಲಿಂದ ಶುರುವಾಗಬೇಕು.