ಮೂರನೇ ಮೂಲೆಯಲ್ಲಿ ನಿಂತವನು ಯಾರು?

ಪ್ರೇಮದ ಕಾದಂಬರಿ ಅಂದಕೂಡಲೇ ನಮ್ಮ ವಿಮರ್ಶಕರಿಗೆ ಹೃದಯ ಕಾಣುತ್ತೆ, ಹಟ್ಟಿ ಕಾಣೋದಿಲ್ಲ. ಒಬ್ಬಳು ಹುಡುಗಿ, ಇಬ್ಬರು ಗಂಡಸರು ಇದ್ದರೆ ಸಾಕು, 'ತ್ರಿಕೋನ ಪ್ರೇಮ' ಅಂತ ಹೆಸರಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಈ ಲೆಕ್ಕವನ್ನೇ ಬುಡಮೇಲು ಮಾಡುವ ಕಾದಂಬರಿ. ಅದನ್ನು ಬರೀ ಕಾಡು, ಮಳೆ, ಸೂರ್ಯೋದಯಕ್ಕಾಗಿ ಪಾಠ ಮಾಡುವ ಮೇಷ್ಟ್ರುಗಳು ಗುತ್ತಿಯ ಹಿಂದೆ ಒಮ್ಮೆ ನಡೆದು ನೋಡಬೇಕು.

ಗುತ್ತಿ ಸಿಂಬಾವಿ ಭರಮೈಹೆಗ್ಗಡೆಯ ಜೀತದಾಳು. ತಿಮ್ಮಿ ಬೆಟ್ಟಳ್ಳಿ ಕಲ್ಲಯ್ಯಗೌಡರ ಹಟ್ಟಿಯ ಹುಡುಗಿ. ಅವಳನ್ನು ಅದೇ ಹಟ್ಟಿಯ ಬಚ್ಚನಿಗೆ ಕಟ್ಟಬೇಕೆಂಬುದು ಒಡೆಯರ ಇಷ್ಟ. ಮೇಲ್ನೋಟಕ್ಕೆ ಮೂರು ಮೂಲೆ: ಗುತ್ತಿ, ತಿಮ್ಮಿ, ಬಚ್ಚ. ಆದರೆ ಬಚ್ಚ ಇಲ್ಲಿ ಬರೀ ನೆಪ. ತಿಮ್ಮಿ ಸಿಂಬಾವಿಗೆ ಹೋದರೆ ಬೆಟ್ಟಳ್ಳಿಗೆ ದುಡಿಯುವ ಎರಡು ಕೈ ಕಮ್ಮಿ. ಅವಳ ಹೊಟ್ಟೆಯಲ್ಲಿ ಹುಟ್ಟುವ ಕೈಗಳೂ ಕಮ್ಮಿ. ಮೂರನೇ ಮೂಲೆಯಲ್ಲಿ ನಿಂತಿರೋನು ಇನ್ನೊಬ್ಬ ಪ್ರೇಮಿ ಅಲ್ಲ, ಒಡೆಯ.

ಅತ್ತ ಮುಕುಂದಯ್ಯನನ್ನು ಮೆಚ್ಚಿದ ಚಿನ್ನಮ್ಮನನ್ನು ಅದೇ ಭರಮೈಹೆಗ್ಗಡೆಗೆ ಗೊತ್ತು ಮಾಡುತ್ತಾರೆ. ಅವಳು ರಾತ್ರೋರಾತ್ರಿ ಮನೆ ಬಿಟ್ಟು ಕಾಡು ಸೇರುತ್ತಾಳೆ. ಜೊತೆಗೆ ನಿಲ್ಲುವವಳು ಪೀಂಚಲು. ಉಳ್ಳವರ ಮನೆಯ ಹೆಣ್ಣಿಗೆ ಕೂಲಿ ಹೆಣ್ಣು ಕಾವಲು. ಇದು ಗೆಳೆತನವೇ, ಸಂಶಯವಿಲ್ಲ. ಆದರೆ ಸಿಕ್ಕಿಬಿದ್ದರೆ ಇಬ್ಬರಿಗೂ ಒಂದೇ ಸಮ ಒದೆ ಬೀಳುತ್ತಿತ್ತೇ?

ಇಲ್ಲೇ ನಮ್ಮ ತಕರಾರು. ಗುತ್ತಿ ತಿಮ್ಮಿಯನ್ನು ಕರೆದೊಯ್ಯಲು ಹೊರಟದ್ದು ಇನ್ನೊಬ್ಬ ಒಡೆಯನ ಹಟ್ಟಿಗೇ. ಪ್ರೀತಿ ಬಂಡೆದ್ದಿತು, ಜೀತ ಬಂಡೇಳಲಿಲ್ಲ. ಕೊನೆಗೆ ತುಂಬಿದ ತುಂಗೆಯಲ್ಲಿ ನಾಯಿ ಹುಲಿಯ ಕೊಚ್ಚಿಹೋಗುವಾಗ ನಮ್ಮ ಗಂಟಲೂ ಕಟ್ಟುತ್ತದೆ. ಆದರೆ ಒಡೆಯನ ಲೆಕ್ಕದ ಪುಸ್ತಕ ಮಾತ್ರ ಆ ಹೊಳೆಯಲ್ಲಿ ಮುಳುಗಲಿಲ್ಲ.

ಇದಕ್ಕಾಗಿ ಕುವೆಂಪು ಅವರನ್ನು ಕಟಕಟೆಗೆ ನಿಲ್ಲಿಸಬೇಕೆ? ಕತೆ ನಡೆಯುವುದು 19ನೇ ಶತಮಾನದ ಕೊನೆಯಲ್ಲಿ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಕಾದಂಬರಿ ಅಚ್ಚಾದ ಒಂಬತ್ತು ವರ್ಷದ ಮೇಲೆ. ಇಲ್ಲದ ಬಿಡುಗಡೆಯನ್ನು ಅವರು ಬರೆಯಲಿಲ್ಲ. ಇದ್ದ ಲೆಕ್ಕವನ್ನು ಮುಚ್ಚಿಡಲೂ ಇಲ್ಲ. ದಲಿತ ಜೋಡಿಯ ಪ್ರೀತಿಗೆ ಗೌಡರ ಮನೆಯ ಪ್ರೀತಿಯಷ್ಟೇ ಜಾಗ ಕೊಟ್ಟದ್ದು ಸಣ್ಣ ಮಾತಲ್ಲ. ಮುಂದಿನ ಹೆಜ್ಜೆ ದೇವನೂರ ಮಹಾದೇವರದು. 'ಕುಸುಮಬಾಲೆ'ಯಲ್ಲಿ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ಚನ್ನ ಕೊಲೆಯಾಗುತ್ತಾನೆ. ಅಲ್ಲಿ ಮೂರನೇ ಮೂಲೆಗೆ ಜಾತಿ ಅಂತ ನೇರ ಹೆಸರು.

ಗೆಳೆಯರೆ, ಇದು ಹಳೇ ಕತೆ ಅನ್ನಬೇಡಿ. ಜಾತಿ ಮೀರಿ ಮದುವೆಯಾದವರನ್ನು ಹೆತ್ತವರೇ ಕೊಂದ ಸುದ್ದಿ ಇವತ್ತೂ ಬರುತ್ತದೆ. ಹಾಗೆ ಊರು ಬಿಟ್ಟ ಹುಡುಗ ಹುಡುಗಿ ಯಶವಂತಪುರದಲ್ಲಿ ರೈಲು ಇಳಿದು, ಹೆಬ್ಬಾಳದಲ್ಲೋ ಯಲಹಂಕದಲ್ಲೋ ಬಾಡಿಗೆ ಮನೆ ಕೇಳಲಿ. ಬಾಗಿಲಲ್ಲೇ ಪ್ರಶ್ನೆ ಕಾದಿರುತ್ತದೆ: "ನೀವು ಯಾವ ಜನ?" ಒಡೆಯನ ಹೆಸರು ಬದಲಾಗಿದೆ, ಅವನು ನಿಂತ ಮೂಲೆ ಬದಲಾಗಿಲ್ಲ. ಮುಂದೆ ಪ್ರೇಮದ ಕಾದಂಬರಿ ಕೈಗೆ ಬಂದಾಗ ಯಾರು ಯಾರನ್ನು ಪ್ರೀತಿಸಿದರು ಅಂತಷ್ಟೇ ಕೇಳಬೇಡಿ. ಬೇಡ ಅಂದವನು ಯಾರು, ಅವನಿಗೇನು ಲಾಭ? ಅದನ್ನು ಕೇಳಿ.