ಆರು ವಾರದ ಗಡುವು ಯಾರ ಕೈಯಲ್ಲಿ?

2025ರ ಫೆಬ್ರುವರಿ 12ರಂದು ರಾಜ್ಯಪಾಲ ಥಾವರಚಂದ್ ಗೆಹಲೋತ್ ಅಂಕಿತ ಹಾಕಿದ ಸುಗ್ರೀವಾಜ್ಞೆ ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳಕ್ಕೆ ಕಡಿವಾಣ ಹಾಕಲು ಹೊರಟಿತ್ತು. ನೋಂದಣಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆ; ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರಿನಲ್ಲಿ ಸಾಲದ ಕಂತಿಗೆ ಹಣ ಹೊಂದಿಸುವ, ಗುಳೆ ಹೋಗಿ ದುಡಿದು ಬಡ್ಡಿ ಕಟ್ಟುವ ಮನೆಗಳಿಗೆ ಇದು ಜೀವದ ಪ್ರಶ್ನೆ. ಆದರೆ ಇಷ್ಟು ದೊಡ್ಡ ಕಾನೂನು ಜಾರಿಗೆ ಬಂದಾಗ ವಿಧಾನಮಂಡಲದಲ್ಲಿ ಅದರ ಬಗ್ಗೆ ಒಂದು ಮಾತೂ ಆಗಿರಲಿಲ್ಲ.

ಕೆಲವೇ ದಿನ ಮೊದಲು ರಾಜ್ಯಪಾಲರು ಇದೇ ಕಡತವನ್ನು ವಾಪಸು ಕಳಿಸಿದ್ದರು. ಮೂರು ಲಕ್ಷದ ಸಾಲಕ್ಕೆ ಐದು ಲಕ್ಷ ದಂಡವೇ ಎಂಬುದು ಒಂದು ತಕರಾರು. ಮಾರ್ಚ್‌ನಲ್ಲಿ ಬಜೆಟ್ ಅಧಿವೇಶನ ಇದೆಯಲ್ಲ, ಅಲ್ಲೇ ಚರ್ಚಿಸಿ ಎಂಬುದು ಇನ್ನೊಂದು. ತೂಕ ಇರುವುದು ಎರಡನೆಯದಕ್ಕೆ. ಆದರೂ ಅವರು ಕೊನೆಗೆ ಸಹಿ ಹಾಕಲೇಬೇಕಾಯಿತು, ಏಕೆಂದರೆ ಸಂವಿಧಾನದ 213ನೇ ವಿಧಿ ಕೊಡುವ ಸುಗ್ರೀವಾಜ್ಞೆಯ ಅಧಿಕಾರ ಹೆಸರಿಗಷ್ಟೇ ರಾಜ್ಯಪಾಲರದು. ನಡೆಯುವುದು ಸಂಪುಟದ ಸಲಹೆಯಂತೆ.

ಸಂವಿಧಾನ ಇದಕ್ಕೆ ಮಿತಿ ಹಾಕಿಲ್ಲವೆಂದಲ್ಲ. ಸದನ ಸೇರಿದಾಗ ಸುಗ್ರೀವಾಜ್ಞೆಯನ್ನು ಮಂಡಿಸಬೇಕು, ಆರು ವಾರದೊಳಗೆ ಕಾಯ್ದೆಯಾಗದಿದ್ದರೆ ಅದು ಬಿದ್ದುಹೋಗುತ್ತದೆ. ಕೇಳಲು ಗಟ್ಟಿಯಾಗಿದೆ. ಆದರೆ ಅಧಿವೇಶನ ಯಾವಾಗ ಕರೆಯಬೇಕು, ಯಾವಾಗ ಮುಗಿಸಬೇಕು ಎಂದು ತೀರ್ಮಾನಿಸುವುದೂ ಅದೇ ಸಂಪುಟ! ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬ ನಿಯಮ ಸೇರಿಸಿದರೂ ಒಂದು ಸುಗ್ರೀವಾಜ್ಞೆ ಏಳೂವರೆ ತಿಂಗಳು ಬದುಕಬಲ್ಲದು. ಬಿಹಾರದಲ್ಲಂತೂ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಕೆಲವನ್ನು ಹದಿನಾಲ್ಕು ವರ್ಷ ಎಳೆದರು. ಇದು ಸಂವಿಧಾನಕ್ಕೆ ಮಾಡಿದ ಮೋಸ ಎಂದು ಡಿ.ಸಿ. ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು.

ಕರ್ನಾಟಕದ ಚಾಳಿ ಬೇರೆ ಥರದ್ದು. ಗೋಹತ್ಯೆ ನಿಷೇಧ ಮಸೂದೆ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾಗಿ ಪರಿಷತ್ತಿನಲ್ಲಿ ನಿಂತಿತು. ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. ಮತಾಂತರ ತಡೆ ಮಸೂದೆಯೂ 2021ರ ಡಿಸೆಂಬರ್‌ನಲ್ಲಿ ಕೆಳಮನೆ ದಾಟಿ ಮೇಲ್ಮನೆ ದಾಟದೆ ಉಳಿಯಿತು. 2022ರ ಮೇ ತಿಂಗಳಲ್ಲಿ ಅದಕ್ಕೂ ಇದೇ ದಾರಿ. ಎರಡನ್ನೂ ಪರಿಷತ್ತು ಆಮೇಲೆ ಒಪ್ಪಿತೆನ್ನಿ. ಹಾಗೆಂದು ಆ ನಡೆ ಸರಿಯಾಗುವುದಿಲ್ಲ. ತುರ್ತು ಎಲ್ಲಿತ್ತು? ಇದ್ದದ್ದು ಸಂಖ್ಯಾಬಲದ ಕೊರತೆ. ಪರಿಷತ್ತಿಗೆ ಒಪ್ಪಿಗೆಯಿಲ್ಲದಿದ್ದರೂ ಅದೊಂದೇ ಸುಗ್ರೀವಾಜ್ಞೆಯನ್ನು ಗಡುವಿಗೆ ಮೊದಲು ಕೆಡವಲಾರದು. ಅಸಮ್ಮತಿಯ ನಿರ್ಣಯ ಮೊದಲು ವಿಧಾನಸಭೆಯಲ್ಲೇ ಪಾಸಾಗಬೇಕು, ಅಲ್ಲಿ ಸರ್ಕಾರದ್ದೇ ಬಹುಮತ.

ಆ ಎರಡಕ್ಕೆ ಹೋಲಿಸಿದರೆ ಸಾಲದ ಸುಗ್ರೀವಾಜ್ಞೆಗೆ ನಿಜವಾದ ತುರ್ತಿತ್ತು. ವಸೂಲಿಗಾರರ ಕಾಟಕ್ಕೆ ಜನ ಊರು ಬಿಡುತ್ತಿದ್ದರು, ಆತ್ಮಹತ್ಯೆಗಳ ಸುದ್ದಿ ಬರುತ್ತಿತ್ತು. ಅದು ಬೇಗನೆ ಕಾಯ್ದೆಯೂ ಆಯಿತು. ಆಗದಿದ್ದರೆ? ಹಿಂದೆ ಕೋರ್ಟುಗಳು, ಸುಗ್ರೀವಾಜ್ಞೆ ಸತ್ತರೂ ಅದು ಕೊಟ್ಟ ಹಕ್ಕು ಉಳಿಯಬಹುದು ಎನ್ನುತ್ತಿದ್ದವು. 2017ರ ಜನವರಿ 2ರಂದು ಕೃಷ್ಣ ಕುಮಾರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತ ಅದನ್ನು ತಳ್ಳಿಹಾಕಿತು. ಸದನದ ಮುಂದೆ ಮಂಡಿಸುವುದು ಕಡ್ಡಾಯ, ಹಿಂದಿರುಗಿಸಲಾಗದ ಪರಿಣಾಮ ಅಥವಾ ಸಾರ್ವಜನಿಕ ಹಿತ ಇದ್ದರಷ್ಟೇ ಹಕ್ಕು ಉಳಿದೀತು ಎಂದಿತು. ತತ್ತ್ವವಾಗಿ ಇದು ಒಳ್ಳೆಯ ತೀರ್ಪು. ಆದರೆ ಸಾಲ ತೀರಿತೆಂದು ನಂಬಿದ ಮಸ್ಕಿಯ ಕೂಲಿ ಹೆಂಗಸಿಗೆ, ಸದನ ಮಸೂದೆಯನ್ನು ಕೈಬಿಟ್ಟರೆ ಆ ಸಾಲ ಮತ್ತೆ ಎದ್ದು ಬರುತ್ತದೆಯೇ ಎಂಬುದನ್ನು ಮತ್ತೊಂದು ಮೊಕದ್ದಮೆಯೇ ಹೇಳಬೇಕಾಗುತ್ತಿತ್ತು.

ಆದ್ದರಿಂದ ಆರು ವಾರದ ಗಡುವಿಗಿಂತ ಮೊದಲ ವಾರದ ಮತ ಹೆಚ್ಚು ಉಪಯೋಗಕ್ಕೆ ಬಂದೀತು. ಅಧಿವೇಶನ ಶುರುವಾದ ಕೂಡಲೇ ಎರಡೂ ಸದನಗಳಲ್ಲಿ ಚರ್ಚೆಯಾಗಿ ಮತಕ್ಕೆ ಬರಲಿ, ಒಂದೇ ಸದನ ಬೇಡವೆಂದರೂ ಸುಗ್ರೀವಾಜ್ಞೆ ಅಲ್ಲಿಗೇ ನಿಲ್ಲಲಿ. ಇದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕು. ಇಂದು ವಿರೋಧಪಕ್ಷದಲ್ಲಿ ಕೂತು ಕೂಗುವವರು ನಾಳೆ ಸಂಪುಟದಲ್ಲಿ ಕೂತಾಗ ಅದನ್ನು ಕೇಳುವ ಸಂಭವ ಕಡಿಮೆ.